ತತ್ತ್ವಪದವೂ ಧ್ವನಿಸುರುಳಿಯೂ: ಶರೀಫರ ಪದಗಳಿಗೆ ಅಶ್ವತ್ಥರ ದಾಟಿ

ನುಡಿ ಮೊದಲೋ ನಾದ ಮೊದಲೋ ಎಂಬ ಪ್ರಶ್ನೆ ಶರಣಸಾಹಿತ್ಯದ ಅಭ್ಯಾಸಿಗಳಿಗೆ ಹೊಸದಲ್ಲ. ವಚನವನ್ನು ರಾಗಕ್ಕೆ ಅಳವಡಿಸಿದಾಗಲೆಲ್ಲ ಅನುಭಾವಕ್ಕೆ ಮೆರುಗು ಬಂದಿತೆಂದು ಕೆಲವರೂ, ಅರ್ಥವು ಆಲಾಪದಲ್ಲಿ ಮುಳುಗಿತೆಂದು ಕೆಲವರೂ ಹೇಳುತ್ತ ಬಂದಿದ್ದಾರೆ. ಇದೇ ಪ್ರಶ್ನೆಯು ತತ್ತ್ವಪದಗಳ ಮಟ್ಟಿಗೆ ತೀವ್ರವಾಗಿ ಎದ್ದುದು, ಸಿ. ಅಶ್ವತ್ಥ (1939–2009) ಅವರು ಶಿಶುನಾಳ ಶರೀಫ ಸಾಹೇಬರ (1819–1889) ಪದಗಳಿಗೆ ರಾಗ ಹೊಂದಿಸಿ ಧ್ವನಿಸುರುಳಿಗೆ ತಂದಾಗ.

ಅಶ್ವತ್ಥರು ಮೂಲತಃ ಭಾವಗೀತೆಯ ದಾರಿಯಲ್ಲಿ ಬೆಳೆದವರು. 1978ರಲ್ಲಿ ಮೈಸೂರು ಅನಂತಸ್ವಾಮಿಯವರ 'ನಿತ್ಯೋತ್ಸವ' ಧ್ವನಿಸುರುಳಿಯು ಕನ್ನಡ ಕವಿತೆಯನ್ನು ಮನೆಮನೆಗೆ ಒಯ್ದ ಮೇಲೆ ಆ ದಾರಿ ಹೆದ್ದಾರಿಯಾಯಿತು. ಕೆ.ಎಸ್. ನರಸಿಂಹಸ್ವಾಮಿಯವರ ದಾಂಪತ್ಯಗೀತೆಗಳಿಗೂ ಅಶ್ವತ್ಥರು ದಾಟಿ ಕಟ್ಟಿದ್ದರು. ಆ ನಯವಾದ ಗೀತಪ್ರಪಂಚದಿಂದ ಅವರು ಧಾರವಾಡ ಸೀಮೆಯ ಮಣ್ಣಿನ ವಾಸನೆಯ ತತ್ತ್ವಪದಗಳತ್ತ ತಿರುಗಿದುದಕ್ಕೆ ಕವಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರ ಆಸ್ಥೆಯೂ ಕಾರಣ. ಪದಗಳನ್ನು ಆಯ್ದು ಸಹೃದಯರ ಮುಂದಿಟ್ಟ ಭಟ್ಟರಿಗೆ 'ಷರೀಫ್ ಭಟ್ಟ'ರೆಂಬ ಹೆಸರೇ ಬಂದಿತು. 1990ರಲ್ಲಿ ತೆರೆಕಂಡ ಟಿ.ಎಸ್. ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಲನಚಿತ್ರಕ್ಕೂ ಅಶ್ವತ್ಥರದೇ ಸಂಗೀತ. ಭಾವಗೀತೆಯ ಹಳೆಯ ಅಭಿಮಾನಿಗಳಲ್ಲಿ ಕೆಲವರಿಗೆ ಈ ತಿರುವು ಒರಟೆನಿಸಿತು. ಉಳಿದವರಿಗೆ ಇದು ಬೇರಿನ ಕಡೆಗೆ ಮರಳುವಿಕೆಯಾಗಿ ತೋರಿತು.

ಆದರೆ ಈ ಪದಗಳಿಗೆ ಇನ್ನೂ ಹಳೆಯ ಕೇಳುಗರಿದ್ದಾರೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಭಜನಾ ಮೇಳಗಳಿಗೆ ಶರೀಫರನ್ನು ಯಾರೂ ಪರಿಚಯಿಸಬೇಕಾಗಿರಲಿಲ್ಲ. ಶಿಶುನಾಳವು ಲಕ್ಷ್ಮೇಶ್ವರದ ನೆರೆಯ ಸೀಮೆ. ಇಂದು ಹಾವೇರಿ ಮತ್ತು ಗದಗ ಜಿಲ್ಲೆಗಳಲ್ಲಿ ಹಂಚಿಹೋಗಿರುವ ಈ ಊರುಗಳೆಲ್ಲ 1997ರವರೆಗೆ ಒಂದೇ ಧಾರವಾಡ ಜಿಲ್ಲೆಯವು. ಹಿಂದೂ-ಮುಸ್ಲಿಂ ಭಾವೈಕ್ಯಕ್ಕೆ ಹೆಸರಾದ ಫಕೀರೇಶ್ವರ ಮಠವು ಶಿರಹಟ್ಟಿಯಲ್ಲಿಯೇ ಇದೆ. ಕಳಸದ ಗೋವಿಂದ ಭಟ್ಟರನ್ನು ಗುರುವಾಗಿ ಪಡೆದ ಮುಸಲ್ಮಾನ ಸಾಧಕನೊಬ್ಬನ ಪದಗಳು ಇಲ್ಲಿಯ ಜನಕ್ಕೆ ವಿಸ್ಮಯವಲ್ಲ, ನಿತ್ಯದ ಮಾತು. ಶ್ರಾವಣದ ರಾತ್ರಿಗಳಲ್ಲಿ, ಶಿವರಾತ್ರಿಯ ಜಾಗರಣೆಯಲ್ಲಿ, ಸಾವಿನ ಮನೆಯ ಮುಂದೆ, ಏಕತಾರಿ, ದಮ್ಮಡಿ, ತಾಳ, ಪೇಟಿಗಳೊಡನೆ ಇವನ್ನು ಹಾಡುತ್ತ ಬಂದವರು ಅವರು.

ಇಂಥ ಕೇಳುಗರು ಎತ್ತುವ ಆಕ್ಷೇಪಗಳು ಮುಖ್ಯವಾಗಿ ಎರಡು. ಮೊದಲನೆಯದು, ವಾದ್ಯವೃಂದದ ಭರಾಟೆಯಲ್ಲಿ ಪದವು ಓಡುತ್ತದೆ ಎಂಬುದು. ಮೇಳದಲ್ಲಿ ಮುಮ್ಮೇಳದವರು ಹೇಳಿದ ಸೊಲ್ಲನ್ನು ಹಿಮ್ಮೇಳದವರು ತಿರುಗಿ ಹೇಳುತ್ತಾರೆ. ಆ ಪುನರುಕ್ತಿ ಕೇವಲ ಅಲಂಕಾರವಲ್ಲ. ಬೆಡಗಿನ ಮಾತು ಮನಸ್ಸಿನಲ್ಲಿ ಇಳಿಯಲು ದೊರೆಯುವ ವ್ಯವಧಾನ. ನಡುವೆ ಹಾಡು ನಿಲ್ಲಿಸಿ ಅರ್ಥ ಬಿಡಿಸುವುದಕ್ಕೂ ಅಲ್ಲಿ ಅವಕಾಶವುಂಟು. ಧ್ವನಿಸುರುಳಿಗೆ ಪ್ರಶ್ನೆ ಕೇಳುವಂತಿಲ್ಲ. ಎರಡನೆಯದು ಇನ್ನೂ ಗಂಭೀರವಾದುದು. ಒಂದೇ ಪದಕ್ಕೆ ಊರಿಗೊಂದು ದಾಟಿಯಿದ್ದ ಕಡೆ ಈಗ ಎಳೆಯರು ಅಶ್ವತ್ಥರ ದಾಟಿಯನ್ನೇ ಶರೀಫರ ದಾಟಿಯೆಂದು ನಂಬಿ ಹಾಡುತ್ತಾರೆ. ಮುದ್ರಣವು ಪಾಠಾಂತರಗಳನ್ನು ನುಂಗಿದಂತೆ ಧ್ವನಿಮುದ್ರಣವು ದಾಟ್ಯಂತರಗಳನ್ನು ನುಂಗುತ್ತದೆ.

ಮೆಚ್ಚಿದವರ ವಾದವನ್ನೂ ಅಲ್ಲಗಳೆಯಲಾಗದು. ನಾಲ್ಕಾರು ತಾಲೂಕುಗಳ ಆಸ್ತಿಯಾಗಿದ್ದುದು ನಾಡಿನ ಆಸ್ತಿಯಾಯಿತು. ಮೈಸೂರು ಸೀಮೆಯ ಕಂಠಗಳು ಧಾರವಾಡದ ಇಕಾರಾಂತ ನುಡಿಯನ್ನು ತಿದ್ದದೆ ಹಾಡಿದವು. ಪುಲಿಗೆರೆಯನ್ನು, ಎಂದರೆ ಇಂದಿನ ಲಕ್ಷ್ಮೇಶ್ವರವನ್ನು, 'ಕವಿರಾಜಮಾರ್ಗ'ವು ತಿರುಳ್ಗನ್ನಡದ ನೆಲೆಗಳಲ್ಲಿ ಎಣಿಸಿದೆ. ಆ ಸೀಮೆಯ ಆಡುನುಡಿಗೆ ಬೆಂಗಳೂರಿನ ವೇದಿಕೆಯಲ್ಲಿ ಮನ್ನಣೆ ದೊರೆತುದು ಅಲ್ಪ ಸಾಧನೆಯಲ್ಲ.

ಹಾಗಾದರೆ ಬೆಲೆ ಕಟ್ಟುವ ಒರೆಗಲ್ಲು ಯಾವುದು? ವಾದ್ಯಗಳ ಸಂಖ್ಯೆಯಂತೂ ಅಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಉದಾಹರಣೆಯೇ ಇದಕ್ಕೆ ಸಾಕು. ಹಾನಗಲ್ಲ ಕುಮಾರಸ್ವಾಮಿಗಳ ಕೃಪೆಯಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳೂ (1892–1944) ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ (1914–2010) ಹಿಂದುಸ್ತಾನಿ ಸಂಗೀತದ ಸಕಲ ವೈಭವವನ್ನು ಬಲ್ಲವರು. ಆ ಪರಂಪರೆಯಲ್ಲಿ ವಚನವು ರಾಗವನ್ನೇರಿಯೂ ವಚನವಾಗಿಯೇ ಉಳಿಯಿತು. ಅಲ್ಲಿ ರಾಗವು ನುಡಿಗೆ ಕಿಂಕರ. ಆದುದರಿಂದ ನಾದವು ನುಡಿಗಾಗಿ ಕಾದಿತೇ ಇಲ್ಲವೇ ಎಂಬುದೊಂದೇ ಕೇಳಬೇಕಾದ ಪ್ರಶ್ನೆ.

ಈ ಒರೆಗಲ್ಲಿಗೆ ಎರಡು ಪದಗಳನ್ನು ಹಚ್ಚಿ ನೋಡಬಹುದು. ಸೋರುವ ಮಾಳಿಗೆಯ ಪದದಲ್ಲಿ ಅಶ್ವತ್ಥರು ಗೆದ್ದಿದ್ದಾರೆ. ಮುಂಡರಗಿಯ ಕಡೆಯ ಮಣ್ಣಿನ ಮಾಳಿಗೆಯ ಮನೆಯಲ್ಲಿ ಬಾಳಿದವನಿಗೆ ಸೋರುವುದೆಂದರೆ ಮೊದಲು ಸೋರುವುದೇ: ಜಂತಿಯ ಸಂದಿಯಿಂದ ಇಳಿಯುವ ನೀರು, ನಡುರಾತ್ರಿ ಹಾಸಿಗೆ ಎತ್ತಬೇಕಾದ ಸಂಕಟ. ಅದರ ಮೇಲೆಯೇ ಅರಿವುಗೇಡಿತನದ ರೂಪಕವು ನಿಲ್ಲಬೇಕು. ತಾರಸ್ಥಾಯಿಗೇರಿ ಬಿರಿಯುವ ಅಶ್ವತ್ಥರ ಕಂಠದಲ್ಲಿ ಆ ಲೌಕಿಕ ಸಂಕಟ ಮೊದಲು ಕೇಳುತ್ತದೆ, ತತ್ತ್ವ ಅದರ ಬೆನ್ನಿಗೆ ಬರುತ್ತದೆ.

ಕೋಳಿಯು ಕೋಡಗವನ್ನು ನುಂಗುವ ಪದದಲ್ಲಿ ಹೀಗಾಗಲಿಲ್ಲ. ಅಲ್ಲಮಪ್ರಭುವಿನ ಬೆಡಗಿನ ವಚನಗಳನ್ನು ಓದಿದವರಿಗೆ ಆ ವಿಪರ್ಯಾಸಗಳ ಸರಣಿ ಅಪರಿಚಿತವಲ್ಲ. ಅಲ್ಪವಾದುದು ದೊಡ್ಡದನ್ನು ನುಂಗುತ್ತ ಹೋಗಿ, ಕಡೆಯಲ್ಲಿ ಗುರುಪಾದವು ಸಾಧಕನನ್ನೇ ನುಂಗುತ್ತದೆ. ಹಿಂದಿನ ನುಂಗಾಟಗಳೆಲ್ಲ ಈ ಕಡೆಯ ನುಂಗುವಿಕೆಗೆ ಮೆಟ್ಟಿಲು. ಉತ್ಸಾಹದ ಲಯವು ಮೆಟ್ಟಿಲುಗಳನ್ನು ಕುಣಿದು ಹತ್ತಿಸುತ್ತದೆ, ನಿಜ. ಆದರೆ ಗರ್ಭಗುಡಿಯ ಮುಂದೆಯೂ ಅದೇ ಕುಣಿತ. ಕೇಳುಗನ ಚಪ್ಪಾಳೆ ಮೊದಲ ನುಡಿಗಳ ವಿನೋದಕ್ಕೇ ಸಂದುಹೋಗಿ, 'ನಾನು' ಅಳಿಯುವ ಗಳಿಗೆಯು ಗದ್ದಲದಲ್ಲಿ ಕಳೆದುಹೋಗುತ್ತದೆ.

ಈ ದೋಷವನ್ನು ಅಶ್ವತ್ಥರೊಬ್ಬರ ಮೇಲೆ ಹೊರಿಸುವುದು ನ್ಯಾಯವಲ್ಲ. ಅವರ ತರುವಾಯ ರಘು ದೀಕ್ಷಿತರು ಗಿಟಾರಿನೊಡನೆ ಶರೀಫರ ಪದಗಳನ್ನು ಪರದೇಶಗಳಲ್ಲಿಯೂ ಹಾಡಿದ್ದಾರೆ. ಪದವು ಹೊಸ ಕಂಠಗಳನ್ನು ಹುಡುಕುತ್ತಲೇ ಇರುತ್ತದೆ. ಅದು ಜೀವಂತಿಕೆಯ ಲಕ್ಷಣ. ಕೊರತೆ ಇರುವುದು ಕೇಳುವವರಲ್ಲಿ. ಹಾಡನ್ನು ಉಳಿಸಿಕೊಂಡು ಅರ್ಥ ಕೇಳುವ ಕೂಟವನ್ನು ಬಿಟ್ಟುಕೊಟ್ಟವರು ಅವರೇ. ಭಜನಾ ಮೇಳಗಳು ಧ್ವನಿಸುರುಳಿಯನ್ನು ಜರೆಯುವ ಬದಲು ತಮ್ಮ ಊರಿನ ದಾಟಿಯನ್ನು ಎಳೆಯರಿಗೆ ಕಲಿಸುವುದು, ಹಾಡಿನ ನಡುವೆ ನಿಂತು ಅರ್ಥ ಕೇಳುವ ರೂಢಿಯನ್ನು ಮತ್ತೆ ತರುವುದು ಲೇಸು. ಅಶ್ವತ್ಥರ ದಾಟಿ ಹಲವು ದಾಟಿಗಳಲ್ಲಿ ಒಂದಾಗಿ ಉಳಿದರೆ ಅದು ಶರೀಫರ ಸಂಪತ್ತನ್ನು ಹೆಚ್ಚಿಸುತ್ತದೆ. ಏಕೈಕ ದಾಟಿಯಾದರೆ ಅದೇ ಬಡತನಕ್ಕೆ ಕಾರಣವಾಗುತ್ತದೆ.