ದ್ವೀಪದಲ್ಲಿ ಉಳಿದ ಖಾಜಿ

ಇಬ್ನ್ ಬತೂತನ ‘ರಿಹ್ಲಾ’ವನ್ನು ಹೊಗಳುವಾಗ ನಾವು ಅವನು ಸುತ್ತಿದ ದೂರವನ್ನೇ ಲೆಕ್ಕ ಹಾಕುತ್ತೇವೆ. ಆದರೆ ಅವನು ನಿಂತ ಊರುಗಳಲ್ಲೇ ಅವನ ಗುಣ ಕಾಣುವುದು. 1343-44ರಲ್ಲಿ ಮಾಲ್ದೀವ್ಸ್‌ನ ಪುಟ್ಟ ದ್ವೀಪ ಮಾಲೆಯಲ್ಲಿ ತಿಂಗಳುಗಟ್ಟಲೆ ಉಳಿದ, ಖಾಜಿಯಾದ, ನಿಕಾಹ್ ಮಾಡಿಕೊಂಡ.

ತೆಂಗು, ಒಣಮೀನು, ಬಂಗಾಳಕ್ಕೆ ಹೋಗಿ ಅಕ್ಕಿ ತರುವ ಕವಡೆ, ಇವುಗಳ ಬಗ್ಗೆ ಬರೆಯುವಾಗ ಅವನ ಕಣ್ಣು ಬಲು ಚುರುಕು. ಹೆಂಗಸರ ವಿಷಯ ಬಂದೊಡನೆ ಖಾಜಿ ಎಚ್ಚರಗೊಳ್ಳುತ್ತಾನೆ. ಸೊಂಟದ ಮೇಲೆ ಬಟ್ಟೆ ತೊಡದ ಅವರ ರೂಢಿಯನ್ನು ಬಿಡಿಸಲು ಹೋಗಿ ಸೋತೆನೆಂದು ಅವನೇ ಹೇಳುತ್ತಾನೆ. ಈ ಪ್ರಾಮಾಣಿಕತೆಗೆ ಸಲಾಂ. ಆಗ ಆಳುತ್ತಿದ್ದುದು ಸುಲ್ತಾನಾ ಖದೀಜಾ. ಜುಮಾ ಖುತ್ಬಾ ಆಕೆಯ ಹೆಸರಿನಲ್ಲೇ ನಡೆಯುತ್ತಿತ್ತು. ಇದನ್ನೂ ಬರೆಯುತ್ತಾನೆ, ಆದರೆ ಬಟ್ಟೆಯ ಬಗ್ಗೆ ಇರುವಷ್ಟು ಕುತೂಹಲ ಇಲ್ಲಿಲ್ಲ.

ಮೆಹರ್ ಕಡಿಮೆಯಾದ್ದರಿಂದ ನಾವಿಕರು ಹಡಗು ತಲುಪಿದಾಗ ಮದುವೆಯಾಗಿ, ಹೊರಡುವಾಗ ತಲಾಕ್ ಕೊಡುತ್ತಾರೆಂಬುದನ್ನು ಅವನು ಯಾವ ತಕರಾರೂ ಇಲ್ಲದೆ ದಾಖಲಿಸುತ್ತಾನೆ. ಉಡುಪನ್ನು ಅಳೆದ ಖಾಜಿಯ ತಕ್ಕಡಿಗೆ ಇದೇಕೆ ಏರಲಿಲ್ಲ? ನಮ್ಮ ಜಗಳ ಇಲ್ಲಿದೆ.

ಇಂದು ಲೆಕ್ಕ ತಿರುವುಮುರುವು. 1972ರಲ್ಲಿ ಬೇರೆ ದ್ವೀಪಗಳಲ್ಲಿ ಶುರುವಾದ ರೆಸಾರ್ಟ್ ವ್ಯವಹಾರ 2009ರ ನಂತರ ಅತಿಥಿಗೃಹಗಳ ರೂಪದಲ್ಲಿ ಜನವಸತಿಯ ದ್ವೀಪಗಳಿಗೂ ಬಂದಿದೆ. ಪ್ರವಾಸಿಗರ ಈಜುಡುಗೆಗೆಂದೇ ಅಲ್ಲಿ ಮರೆ ಕಟ್ಟಿದ ‘ಬಿಕಿನಿ ಬೀಚ್’ಗಳಿವೆ.

ಬತೂತ ಮುಂದೊಮ್ಮೆ ಅಲ್ಲಿ ಹುಟ್ಟಿದ ಮಗನನ್ನು ನೋಡಲು ಮರಳುತ್ತಾನೆ. ಮಗುವನ್ನು ಒಯ್ದುಬಿಡುತ್ತಾನೆಂದು ತಾಯಿ ವಜೀರನಲ್ಲಿ ದೂರುತ್ತಾಳೆ. ತಂದೆಯನ್ನು ತಡೆಯಲಾರೆ ಎನ್ನುತ್ತಾನೆ ವಜೀರ. ಕೊನೆಗೆ ಬತೂತನೇ ಮಗುವನ್ನು ದ್ವೀಪದವರ ಬಳಿ ಬಿಟ್ಟು ಹಡಗು ಹತ್ತುತ್ತಾನೆ.