ಸುರುಳಿ ಇಲ್ಲದವರ ಪರವಾಗಿ

ಜಾನ್ ಬನ್ಯನ್ ಇಂಗ್ಲೆಂಡಿನ ಬೆಡ್‌ಫರ್ಡಿನವ. ಪಾತ್ರೆ ರಿಪೇರಿ ಅವನ ಕಸುಬು. ಅಪ್ಪಣೆ ಇಲ್ಲದೆ ಬೋಧನೆ ಮಾಡಿದ ಅಂತ ಸುಮಾರು 12 ವರ್ಷ ಜೈಲಿನಲ್ಲಿದ್ದ. 1678ರಲ್ಲಿ ಬಂದ ಅವನ ಕಥೆಯನ್ನು ಮಂಗಳೂರಿನ ಬಾಸೆಲ್ ಮಿಷನ್ 19ನೇ ಶತಮಾನದಲ್ಲೇ ‘ಯಾತ್ರಿಕನ ಸಂಚಾರ’ ಎಂದು ಕನ್ನಡಕ್ಕೆ ತಂದಿತು. ಮತಪ್ರಚಾರದ ಪುಸ್ತಕ ಅಂತ ಅದನ್ನು ಬದಿಗಿಡುವವರುಂಟು. ನಾನು ಅದನ್ನು ಒಂದು ಪ್ರಶ್ನೆ ಇಟ್ಟುಕೊಂಡು ಓದುತ್ತೇನೆ: ತನಗೆ ರಕ್ಷಣೆ ಸಿಕ್ಕಿದೆ ಎಂಬ ನಿಶ್ಚಯ ಉಳ್ಳವನು, ಅದಿಲ್ಲದವನ ಪಕ್ಕದಲ್ಲಿ ಹೇಗೆ ನಿಲ್ಲಬೇಕು?

ಯಾತ್ರಿಕನ ನಿಶ್ಚಯಕ್ಕೆ ಗುರುತು ಒಂದು ಸುರುಳಿ. ಗುಡ್ಡ ಹತ್ತುವಾಗ ಚಪ್ಪರದಲ್ಲಿ ನಿದ್ದೆ ಹೋಗಿ ಅದನ್ನು ಬೀಳಿಸಿಕೊಳ್ಳುತ್ತಾನೆ, ಅಳುತ್ತಾ ಹಿಂದೆ ಬಂದು ಹುಡುಕುತ್ತಾನೆ. ಕೊನೆಯ ನದಿಯಲ್ಲಿ ಎದೆಗುಂದಿ ಮುಳುಗುವ ಹಾಗಾಗುತ್ತದೆ. ಜೊತೆಗಾರ ತಲೆ ಎತ್ತಿ ಹಿಡಿದು ಧೈರ್ಯ ಹೇಳುತ್ತಾನೆ. ನಿಶ್ಚಯ ಇದ್ದವನಿಗೂ ಹೆದರಿಕೆ ಬಿಡದು, ಆಸರೆ ಬೇಕೇ ಬೇಕು ಎಂಬುದನ್ನು ಬನ್ಯನ್ ಎಷ್ಟು ಪ್ರಾಮಾಣಿಕವಾಗಿ ತೋರಿಸಿದ್ದಾನೆ!

ಆದರೆ ಕಡೆಯ ಪುಟ ನನಗೆ ಒಪ್ಪಿಗೆಯಾಗುವುದಿಲ್ಲ. ‘ಅಜ್ಞಾನಿ’ ಎಂಬವನು ದೋಣಿಯಲ್ಲಿ ಸಲೀಸಾಗಿ ನದಿ ದಾಟಿ ಬಾಗಿಲು ತಟ್ಟುತ್ತಾನೆ. ಸುರುಳಿ ಎಲ್ಲಿ ಅಂತ ಕೇಳಿದರೆ ಅವನಲ್ಲಿ ಇಲ್ಲ. ಕೈಕಾಲು ಕಟ್ಟಿ ನರಕದ ದಾರಿಗೆ ಒಯ್ಯುತ್ತಾರೆ. ತನ್ನ ಒಳ್ಳೆಯತನವನ್ನೇ ನಂಬಿದವನ ಗತಿ ಇದು ಎಂಬುದು ಬನ್ಯನ್ನನ ಪಾಠ. ಇರಲಿ. ದಾರಿಯಲ್ಲಿ ಅವನಿಗೆ ಬುದ್ಧಿ ಹೇಳಿದವರಿದ್ದರು. ಬಾಗಿಲಲ್ಲಿ ಅವನಿಗಾಗಿ ಬೇಡಿಕೊಳ್ಳುವವರು ಒಬ್ಬರೂ ಇಲ್ಲ. ಓದುಗನೂ ‘ಸದ್ಯ, ನಾನು ಅವನಲ್ಲ’ ಅಂದುಕೊಂಡು ಪುಸ್ತಕ ಮುಚ್ಚುತ್ತಾನೆ.

ಇದಕ್ಕೆ ಉತ್ತರ 1684ರ ಎರಡನೇ ಭಾಗದಲ್ಲಿ ಉಂಟು. ಯಾತ್ರಿಕನ ಹೆಂಡತಿಗೆ ಅರಸನಿಂದ ಕರೆಯ ಪತ್ರ ಬಂದಿದೆ. ಜೊತೆಗೆ ಹೊರಟ ನೆರೆಯ ಹುಡುಗಿ ಮರ್ಸಿಗೆ ಯಾವ ಪತ್ರವೂ ಬಂದಿಲ್ಲ. ದಾರಿಯ ಮೊದಲಿನ ಕಿರುಬಾಗಿಲಲ್ಲಿ ತಾಯಿ ಮಕ್ಕಳು ಒಳಗಾಗುತ್ತಾರೆ, ಹುಡುಗಿ ಹೊರಗೆ ಅಳುತ್ತಾ ನಿಲ್ಲುತ್ತಾಳೆ. ಒಳಗೆ ಹೋದವಳು ‘ನನ್ನದಾಯಿತು’ ಅಂತ ಸುಮ್ಮನಿರುವುದಿಲ್ಲ, ಅವಳಿಗಾಗಿ ಬೇಡುತ್ತಾಳೆ. ಅಷ್ಟರಲ್ಲಿ ಮರ್ಸಿಯೂ ತಾನೇ ಬಾಗಿಲು ಬಡಿಯುತ್ತಾಳೆ. ಬಾಗಿಲೊಡೆಯ ಅವಳನ್ನು ಕೈಹಿಡಿದು ಕರೆದುಕೊಳ್ಳುತ್ತಾನೆ. ಹೇಗೆ ಬಂದರೂ ಸರಿ, ತನ್ನನ್ನು ನಂಬಿದವರೆಲ್ಲರಿಗಾಗಿ ತಾನು ಪ್ರಾರ್ಥಿಸುತ್ತೇನೆ ಅನ್ನುತ್ತಾನೆ.

ರಕ್ಷಣೆ ಕೊಡುವವನು ಕ್ರಿಸ್ತನೊಬ್ಬನೇ ಎಂಬ ನಂಬಿಕೆಯನ್ನು ಬನ್ಯನ್ ಇಲ್ಲಿಯೂ ಬಿಟ್ಟಿಲ್ಲ. ಆದರೂ ಒಬ್ಬರ ಬೇಡಿಕೆಗೆ ಇನ್ನೊಬ್ಬರ ಬದುಕಿನಲ್ಲಿ ಜಾಗ ಕೊಟ್ಟಿದ್ದಾನೆ. ಎರಡನೇ ಭಾಗ ಬರೇ ಹೆಂಗಸರು ಮಕ್ಕಳ ಕಥೆ, ಕಲೆಯಲ್ಲಿ ಕಡಿಮೆ ಅನ್ನುವವರುಂಟು. ಕಲೆಯ ಮಾತು ಹಾಗಿರಲಿ, ಮನುಷ್ಯತ್ವದಲ್ಲಿ ಅದೇ ಮೇಲು. ಮಕ್ಕಳಿಗೆ ಈ ಕಥೆ ಹೇಳುವ ಮಾಸ್ತರರು ಮೊದಲ ಭಾಗಕ್ಕೇ ನಿಲ್ಲಿಸಬಾರದು. ಇನ್ನೊಬ್ಬರಿಗಾಗಿ ಬೇಡಲು ಬಾರದ ನಿಶ್ಚಯ ಬರೀ ಗರ್ವವಾಗಿಬಿಡುತ್ತದೆ.