ಬಳುವಳಿಗೊಂದು ಪಟ್ಟಿ

ಮದುವೆಯ ಒಡವೆಗೆಂದು ಚೆನ್ನೈನ ಟಿ. ನಗರಕ್ಕೆ ಹೋದ ಮನೆಯವರು ವೇಸ್ಟೇಜಿನಲ್ಲಿ ಅರ್ಧ ಪರ್ಸೆಂಟ್ ಇಳಿಸಲು ಗಂಟೆಗಟ್ಟಲೆ ಚೌಕಾಸಿ ಮಾಡುತ್ತಾರೆ. ಬಿಲ್ಲು ಯಾರ ಹೆಸರಿಗೆ ಎಂದು ಅಂಗಡಿಯವನು ಕೇಳಿದಾಗ ಮಾತ್ರ ಎರಡು ನಿಮಿಷವೂ ಯೋಚಿಸುವುದಿಲ್ಲ. ಕಾರ್ಡು ಕೊಟ್ಟ ಅಪ್ಪನದೋ ಸೋದರಮಾವನದೋ ಹೆಸರು ಬೀಳುತ್ತದೆ. ತೊಡುವವಳ ಹೆಸರು ಎಷ್ಟೋ ಸಲ ಬಿಲ್ಲಿನಲ್ಲೂ ಇರುವುದಿಲ್ಲ, ಆಮೇಲೆ ಅತ್ತೆಮನೆಯ ಲಾಕರಿನ ಕಾಗದದಲ್ಲೂ ಇರುವುದಿಲ್ಲ.

ಈಗೀಗ ವಕೀಲರ ಬಳಿ ಮದುವೆಪೂರ್ವ ಕರಾರಿನ ಬಗ್ಗೆ ವಿಚಾರಿಸುವವರಿದ್ದಾರೆ. ಗೋವೆಯಲ್ಲಿ ಅದಕ್ಕೆ ಅರ್ಥವಿದೆ. ಪೋರ್ಚುಗೀಸರು ಬಿಟ್ಟುಹೋದ 1867ರ ಸಂಹಿತೆಯಂತೆ ಅಲ್ಲಿ ಮದುವೆಯೊಡನೆ ಗಂಡಹೆಂಡಿರ ಆಸ್ತಿ ಒಂದಾಗುತ್ತದೆ. ಬೇಡವೆನ್ನುವವರು ಮೊದಲೇ ಬರೆದುಕೊಳ್ಳಬೇಕು. ತಮಿಳುನಾಡಿನಲ್ಲಾಗಲಿ ಕರ್ನಾಟಕದಲ್ಲಾಗಲಿ ಆಸ್ತಿ ಹಾಗೆ ಒಂದಾಗುವುದೇ ಇಲ್ಲ. ವೇಳಚೇರಿಯಲ್ಲಿ ಮದುವೆಗೆ ಮುಂಚೆ ತನ್ನ ಸಂಬಳದಲ್ಲಿ ಫ್ಲಾಟು ಕೊಂಡವಳಿಗೆ ತಾಳಿ ಕಟ್ಟಿಸಿಕೊಂಡ ಮಾರನೆಯ ದಿನವೂ ಅದು ಅವಳದೇ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಸೆಕ್ಷನ್ ಹೆಣ್ಣನ್ನು ತನ್ನ ಆಸ್ತಿಯ ಪೂರ್ಣ ಒಡತಿಯೆಂದು ಹೇಳಿ ಆರು ದಶಕ ದಾಟಿದೆ. ಹಕ್ಕು ಇದ್ದೇ ಇದೆ. ಕೈಕೊಡುವುದು ರುಜುವಾತು.

ಆ ರುಜುವಾತಿಗೂ ನಮ್ಮಲ್ಲಿ ಒಂದು ನಿಯಮವಿದೆ, ಕೇಳಿದವರು ಕಡಿಮೆ. ವರದಕ್ಷಿಣೆ ನಿಷೇಧ ಕಾಯ್ದೆಯಡಿ 1985ರ ಅಕ್ಟೋಬರ್ 2ರಿಂದ ಜಾರಿಗೆ ಬಂದದ್ದು. ಹೆಣ್ಣಿಗೆ ಬಂದ ಉಡುಗೊರೆಗಳ ಪಟ್ಟಿಯನ್ನು ಹೆಣ್ಣು, ಗಂಡಿಗೆ ಬಂದದ್ದರ ಪಟ್ಟಿಯನ್ನು ಗಂಡು ಇಟ್ಟುಕೊಳ್ಳಬೇಕು. ವಸ್ತು ಯಾವುದು, ಬೆಲೆ ಅಂದಾಜು ಎಷ್ಟು, ಕೊಟ್ಟವರು ಯಾರು, ನಂಟರಾದರೆ ಏನಾಗಬೇಕು, ಇಷ್ಟನ್ನೂ ಮದುವೆಯ ಹೊತ್ತಿಗೇ ಅಥವಾ ಆದಷ್ಟು ಬೇಗ ಬರೆದು ಇಬ್ಬರೂ ಸಹಿ ಹಾಕಬೇಕು. ಗಂಡಿನ ಸಹಿಯೂ ಬೇಕೆಂದದ್ದೇ ಇದರ ಜಾಣತನ. 'ಅಷ್ಟೊಂದು ಚಿನ್ನ ಎಲ್ಲಿತ್ತು?' ಎಂದು ನಾಳೆ ಅವನ ಮನೆಯವರು ಕೇಳುವಂತಿಲ್ಲ.

ಇಷ್ಟು ಒಳ್ಳೆಯ ನಿಯಮವನ್ನು ಯಾರೂ ಮುಟ್ಟದಿರುವುದಕ್ಕೆ ಆಲಸ್ಯ ಕಾರಣವಲ್ಲ, ಅದು ಹುಟ್ಟಿದ ಮನೆ ಕಾರಣ. ಪಟ್ಟಿಗೆ ಸೇರಿದ ಬಳುವಳಿ ಸಂಪ್ರದಾಯದ್ದಾಗಿದ್ದು, ಕೊಟ್ಟವರ ಅನುಕೂಲಕ್ಕೆ ಮೀರಿರದಿದ್ದರೆ ಮಾತ್ರ ಶಿಕ್ಷೆಯಿಂದ ವಿನಾಯಿತಿ. ಸಾಲ ಮಾಡಿ ನೂರು ಪವನ್ ಹಾಕಿದ ಅಪ್ಪ ಅದನ್ನು ಹೇಗೆ ಬರೆದಾನು? ಬರೆದರೆ ತಪ್ಪೊಪ್ಪಿಗೆ, ಬರೆಯದಿದ್ದರೆ ಮಗಳಿಗೆ ಸಾಕ್ಷಿಯಿಲ್ಲ. ವರದಕ್ಷಿಣೆ ಹಿಡಿಯಲು ಹೊರಟ ಕಾಯ್ದೆಗೇ ಸ್ತ್ರೀಧನ ಕಾಯುವ ಕೆಲಸವನ್ನೂ ಹಚ್ಚಿದ್ದು ಕರಡು ಬರೆದವರ ದೊಡ್ಡ ಎಡವಟ್ಟು. ಇತ್ತ ಛತ್ರದಲ್ಲಿ ತಮಿಳರು ಸೀರ್‌ವರಿಸೈ ಎನ್ನುವ ತಟ್ಟೆಗಳ ಸಾಲು ಎಲ್ಲರ ಕಣ್ಣೆದುರೇ ಹೋಗುತ್ತದೆ, ವಿಡಿಯೋ ಆಗುತ್ತದೆ. ಊರೆಲ್ಲ ಕಂಡದ್ದಕ್ಕೆ ಕಾಗದ ಒಂದೂ ಇಲ್ಲ. (ಚೆನ್ನೈಯಲ್ಲಿ ನೆಲೆಸಿದ ನಮ್ಮ ಕನ್ನಡದ ಮನೆಗಳೇನೂ ಇದಕ್ಕೆ ಹೊರತಲ್ಲ, ತಟ್ಟೆಗಳ ಲೆಕ್ಕವನ್ನು ನಾವೂ ಬೇಗ ಕಲಿತೆವು.)

ಕಾಗದವಿಲ್ಲದೆ ಏನಾಗುತ್ತದೆಂಬುದಕ್ಕೆ ಕೇರಳದ ಒಂದು ಪ್ರಕರಣ ನೋಡಿ. 89 ಪವನ್ ತೊಟ್ಟು ಬಂದವಳ ಒಡವೆಯನ್ನು ಮೊದಲ ರಾತ್ರಿಯೇ ಗಂಡ ಜೋಪಾನಕ್ಕೆಂದು ತೆಗೆದುಕೊಂಡು ತಾಯಿಯ ಕೈಗೆ ಕೊಟ್ಟನೆಂಬುದು ಅವಳ ದೂರು. ಕೌಟುಂಬಿಕ ನ್ಯಾಯಾಲಯ ನಂಬಿತು, ಹೈಕೋರ್ಟು ಸಾಬೀತಾಗಿಲ್ಲವೆಂದಿತು. ಮದುವೆಯಾದದ್ದು 2003ರಲ್ಲಿ, ಸುಪ್ರೀಂ ಕೋರ್ಟು 25 ಲಕ್ಷ ರೂಪಾಯಿ ಕೊಡಿಸಿದ್ದು 2024ರ ಏಪ್ರಿಲ್‌ನಲ್ಲಿ. ಸ್ತ್ರೀಧನ ಗಂಡಹೆಂಡಿರ ಜಂಟಿ ಆಸ್ತಿಯಲ್ಲ ಎಂದು ಆ ತೀರ್ಪು ಮತ್ತೆ ಹೇಳಿತು. 1985ರಲ್ಲೇ ಪ್ರತಿಭಾ ರಾಣಿ ಪ್ರಕರಣದಲ್ಲಿ ಅದೇ ನ್ಯಾಯಾಲಯ ಹೇಳಿದ್ದ ಮಾತು ಅದು. ಇಂದಿನ ಒಡವೆಗಾದರೂ ಗುರುತು ಸುಲಭ: 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕಿನ ಜೊತೆ ಪ್ರತಿ ಒಡವೆಯ ಮೇಲೂ ಆರು ಅಕ್ಷರ, ಅಂಕಿಗಳ ಬೇರೆಯೇ ಸಂಕೇತವಿರಬೇಕು. ಅದನ್ನು ಪಟ್ಟಿಯಲ್ಲಿ ಬರೆದಿಟ್ಟರೆ ಇದು ಅದೇ ಬಳೆಯೋ ಅಲ್ಲವೋ ಎಂಬ ವಾದಕ್ಕೆ ಎಡೆ ಕಡಿಮೆ.

ಫ್ಲಾಟಿನ ವಿಷಯದಲ್ಲಿ ನನ್ನ ಮನಸ್ಸು ಇಷ್ಟು ನಿಚ್ಚಳವಾಗಿಲ್ಲ. ನೋಂದಣಿ ಪತ್ರವೊಂದೇ ಮಾತಾಡಬೇಕೆಂದರೆ ಮನೆ ನೋಡಿಕೊಂಡವಳ ಕೈ ಬರಿದಾಗುತ್ತದೆ. 2023ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಕೃಷ್ಣನ್ ರಾಮಸ್ವಾಮಿ, ಗಂಡ ಸೌದಿಯಲ್ಲಿ ದುಡಿಯುತ್ತಿದ್ದಾಗ ಮನೆ ಮಕ್ಕಳನ್ನು ಸಾಕಿದವಳ ದುಡಿಮೆಯೂ ಆಸ್ತಿ ಗಳಿಕೆಗೆ ಸಂದಿದೆಯೆಂದು ಎಣಿಸಿ ಕೆಲವು ಆಸ್ತಿಗಳಲ್ಲಿ ಅವಳಿಗೆ ಸಮಪಾಲು ಕೊಟ್ಟರು. ಮದುವೆಗೆ ಮುಂಚಿನದು ಬೇರೆಯಿರಲಿ, ಒಪ್ಪುತ್ತೇನೆ. ಆಮೇಲೆ ಕೂಡಿ ಕಟ್ಟಿದ ಕಂತುಗಳಿಗೆ ಅದೇ ಬೇಲಿ ಹಾಕಹೊರಟರೆ ಒಪ್ಪಲಾರೆ.

ಕಾಗದದ ಬಲ ಮದ್ರಾಸಿಗೆ ಹೊಸದೇನಲ್ಲ. ಗಂಡ ಹೆಂಡತಿ ಮಕ್ಕಳ ಹೆಸರಿಗೆ ಮಾಡಿಸಿದ ಜೀವವಿಮೆಯನ್ನು ಅವನ ಸಾಲಗಾರರು ಮುಟ್ಟದಂತೆ ತಡೆಯುವ 1874ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯ್ದೆಯ ರಕ್ಷಣೆ ಇಲ್ಲಿನ ಹಿಂದೂಗಳಿಗೆ 1913ರ ಕೊನೆಯ ನಂತರದ ಪಾಲಿಸಿಗಳಿಗೇ ಸಿಕ್ಕಿತು. ಬೇರೆ ಕಡೆಯವರು 1923ರ ತನಕ ಕಾಯಬೇಕಾಯಿತು. ಈಗ 2009ರ ಕಾಯ್ದೆಯಂತೆ ತಮಿಳುನಾಡಿನಲ್ಲಿ ಮದುವೆಯ ನೋಂದಣಿ ಕಡ್ಡಾಯ. ಬಳುವಳಿಯ ಪಟ್ಟಿಯನ್ನು ವರದಕ್ಷಿಣೆ ಕಾಯ್ದೆಯಿಂದ ಬಿಡಿಸಿ ಆ ಅರ್ಜಿಗೇ ಲಗತ್ತಿಸಿಕೊಂಡು, ಬೆಲೆ ಕೇಳದೆ ಒಡವೆಯ ತೂಕ, ಸಂಕೇತ ಮತ್ತು ಒಡತಿಯ ಹೆಸರನ್ನಷ್ಟೇ ಬರೆಸಿಕೊಂಡರೆ ಸಬ್ ರಿಜಿಸ್ಟ್ರಾರಿಗೆ ಹೆಚ್ಚಾಗುವುದು ಒಂದು ಹಾಳೆಯ ಕೆಲಸ. ಇದರಿಂದ ವರದಕ್ಷಿಣೆಗೆ ಮುದ್ರೆ ಒತ್ತಿದಂತಾಗುತ್ತದೆಂಬ ಆಕ್ಷೇಪ ಹಗುರದ್ದಲ್ಲ. ಆದರೆ ಈಗಿನ ಪಟ್ಟಿಯ ಹೆದರಿಕೆ ವರದಕ್ಷಿಣೆಯನ್ನು ತಡೆದಿಲ್ಲ, ಅದರ ಗುರುತನ್ನಷ್ಟೇ ಅಳಿಸಿದೆ. ಆ ಅಳಿಸುವಿಕೆಯಿಂದ ಲಾಭವಾದದ್ದು ಲಾಕರಿನ ಕೀಲಿ ಇರುವವರಿಗೆ.